ಬೀಡಿಗೂ ಕಾಲಿಗೂ ಎಂತ ಸಂಬಂಧ?

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಮರದಿಂದ ಬಿದ್ದವರ ಕಥೆಯಿಲ್ಲದ ಊರು ಸಿಗೋದು ಕಷ್ಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಹತ್ತಬೇಕು, ಆಮೇಲೆ ಕೊನೆ ಇಳಿಸಲು ಹತ್ತಬೇಕು. (ಈಗೀಗ ಉದ್ದನೆಯ ಫೈಬರ್ ದೋಟಿ ಬಂದು ಸ್ವಲ್ಪ ಬಚಾವು.) ನಮ್ಮ ತೋಟದ ಕೊನೆಗೌಡನೂ ಹಾಗೇ ಜಾರಿ ಬಿದ್ದ. ಮೊಣಕಾಲ ಕೆಳಗಿನ ಮೂಳೆ ಮುರಿದು, ಆಪರೇಷನ್ ಮಾಡಿ ರಾಡ್ ಹಾಕಿದರು.

ರಜೆಗೆ ಊರಿಗೆ ಹೋದಾಗ ನೋಡಿ ಬರೋಣ ಅಂತ ಹೋದೆ. "ಹೆಗಡೇರೆ, ಡಾಕ್ಟ್ರು ಬೀಡಿ ಬಿಡು ಅಂತ್ರು. ಮುರಿದದ್ದು ಕಾಲು. ಬೀಡಿಗೂ ಕಾಲಿಗೂ ಎಂತ ಸಂಬಂಧ್ರಾ?" ಅಂದ. ನಾನು ಓದಿದ್ದು ಇಂಜಿನಿಯರಿಂಗು... ಏನೋ ಹೇಳಿ ಜಾರಿಕೊಂಡೆ. ಬೆಂಗಳೂರಿಗೆ ಬಂದು ಹುಡುಕಿದರೆ, ಗೌಡನ ಪ್ರಶ್ನೆಗೆ ಉತ್ತರ ಹುಡುಕಲು ಡಾಕ್ಟರುಗಳಿಗೇ ಹಲವು ದಶಕ ಬೇಕಾಗಿತ್ತು ಅಂತ ಗೊತ್ತಾಯ್ತು!

ಮೊದಲು ಕಣ್ಣಿಗೆ ಬಿದ್ದದ್ದು ಶ್ವಾಸಕೋಶ. 1944ರಲ್ಲಿ, ಅಂದರೆ ಸಿಗರೇಟಿಗೂ ಕ್ಯಾನ್ಸರಿಗೂ ನಂಟಿದೆ ಎಂದು ಡಾಲ್ ಮತ್ತು ಹಿಲ್ ತೋರಿಸುವ ಆರು ವರ್ಷ ಮೊದಲೇ, ಮಾರ್ಟನ್ ಎಂಬ ಬ್ರಿಟಿಷ್ ಅರಿವಳಿಕೆ ವೈದ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಬರೆದ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟು ಸೇದುವವರಿಗೆ ಹೊಟ್ಟೆಯ ಆಪರೇಷನ್ ಆದಮೇಲೆ ಶ್ವಾಸಕೋಶದ ತೊಂದರೆ ಸುಮಾರು ಆರು ಪಟ್ಟು ಜಾಸ್ತಿ. ಅದೇನೋ ಸರಿ, ಹೊಗೆ ಹೋಗುವುದೇ ಅಲ್ಲಿಗೆ. ಆದರೆ ಕಾಲು?

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಗಟ್ಟಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟ ಹಾಗೆ, ಆಮ್ಲಜನಕಕ್ಕೆ ಜಾಗವಿಲ್ಲ. ಇತ್ತ ನಿಕೋಟಿನ್ ಸಣ್ಣ ರಕ್ತನಾಳಗಳನ್ನೇ ಕಿರಿದು ಮಾಡುತ್ತದೆ. ಮೂಳೆ ಕೂಡಬೇಕಾದ ಜಾಗಕ್ಕೆ ರಕ್ತವೂ ಕಡಿಮೆ, ಬಂದ ರಕ್ತದಲ್ಲಿ ಸತ್ವವೂ ಕಡಿಮೆ. ಅಮೆರಿಕದಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದು ಹೊರಗೇ ಬಂದಂಥ ಗಾಯಾಳುಗಳ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯ್ತು. ಸೇದುವವರಲ್ಲಿ ಮೂಳೆ ಕೂಡುವ ಸಾಧ್ಯತೆ 37% ಕಡಿಮೆ, ಸೋಂಕು ಎರಡು ಪಟ್ಟಿಗೂ ಹೆಚ್ಚು.

2002ರಲ್ಲಿ ಡೆನ್ಮಾರ್ಕಿನವರು ಸೊಂಟ, ಮೊಣಕಾಲಿನ ಕೀಲು ಬದಲಿಸಿಕೊಳ್ಳಲಿದ್ದ 120 ಜನರನ್ನು ಆರಿಸಿಕೊಂಡು, ಅರ್ಧ ಜನಕ್ಕೆ ಆರೆಂಟು ವಾರ ಮೊದಲೇ ಸಿಗರೇಟು ಬಿಡಲು ಸಹಾಯ ಮಾಡಿದರು. ಉಳಿದವರಲ್ಲಿ 52% ಜನಕ್ಕೆ ಏನಾದರೊಂದು ತೊಂದರೆ ಆದರೆ, ಇವರಲ್ಲಿ 18% ಮಾತ್ರ. ಆದರೆ ಮರದಿಂದ ಬೀಳುವವನಿಗೆ ಆರು ವಾರ ಮೊದಲು ಯಾರು ನೋಟೀಸ್ ಕೊಡುತ್ತಾರೆ? ಇಲ್ಲಿಗೆ ಬಂದಾಗ ನನಗೂ ಸ್ವಲ್ಪ ಪಿಚ್ಚೆನಿಸಿತು.

ಗೌಡನಿಗೆ ಬೇಕಾದ ಉತ್ತರ ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಮೂಳೆ ಮುರಿದು ತುರ್ತಾಗಿ ಆಪರೇಷನ್ ಆದ 105 ಧೂಮಪಾನಿಗಳಲ್ಲಿ ಅರ್ಧದಷ್ಟು ಜನಕ್ಕೆ ಆಸ್ಪತ್ರೆ ಸೇರಿದ ಮೇಲೆ ಬಿಡಲು ಸಹಾಯ ಮಾಡಿದರು. 2010ರ ಆ ವರದಿ ಪ್ರಕಾರ ತೊಂದರೆ 38%ರಿಂದ 20%ಕ್ಕೆ ಇಳಿಯಿತು. ಅಂದರೆ ಬಿದ್ದ ಮೇಲೆ ಬಿಟ್ಟರೂ ತಡವಾಗಿಲ್ಲ.

ಆ ರಾತ್ರಿಯೇ ಫೋನ್ ಮಾಡಿ ಹೇಳಿದೆ. ಗೌಡ ಎಲ್ಲ ಕೇಳಿಸಿಕೊಂಡ. "ಹಂಗಾರೆ ಕವಳಕ್ಕೆ ತಂಬಾಕು ಹಾಕ್ಬೋದಲ್ರಾ?"

ಅದರಲ್ಲೂ ನಿಕೋಟಿನ್ ಇದ್ದೇ ಇದೆ ಮಾರಾಯಾ ಅಂದೆ. ಆ ಕಡೆಯಿಂದ ಸುಮಾರು ಹೊತ್ತು ಮಾತೇ ಬರಲಿಲ್ಲ.