ಕಣಜದ ಲೆಕ್ಕ ಮತ್ತು ಅರಸನ ಹೊಣೆ

ವ್ಯಾಪಾರಸ್ಥರಿಗೆ ಷರತ್ತೆಂಬುದು ಹೊಸ ವಿಷಯವಲ್ಲ. ಸರಕು ಮುಟ್ಟಿದ ಮೂವತ್ತು ದಿನಗಳೊಳಗೆ ಹಣ ಸಂದಾಯವಾದರೆ ಸೋಡಿ, ಆಗದಿದ್ದರೆ ಬಡ್ಡಿ ಎಂಬ ಕರಾರಿನಲ್ಲಿಯೇ ಅದರ ಸ್ವರೂಪವೆಲ್ಲ ಅಡಗಿದೆ. ಗಣಕಯಂತ್ರಕ್ಕೆ ಕೆಲಸ ಹೇಳುವ ವಿದ್ಯೆಯೂ ಬಹುಪಾಲು ಇದೇ ‘ಹೀಗಾದರೆ ಹಾಗೆ, ಇಲ್ಲದಿದ್ದರೆ ಬೇರೆ’ ಎಂಬ ತರ್ಕದ ಮೇಲೆ ನಿಂತಿದೆ. ಈ ತರ್ಕವನ್ನು ಒಂದು ಇಡೀ ತಲೆಮಾರಿನ ಮಕ್ಕಳು ಶಾಸ್ತ್ರಗ್ರಂಥಗಳಿಂದ ಕಲಿಯಲಿಲ್ಲ, ಸರಳವಾದ ಆಟಗಳಿಂದ ಕಲಿತರು. ಅಂತಹ ಆಟಗಳಲ್ಲಿ ಒಂದರ ಇತಿಹಾಸವು ನೀತಿಯ ದೃಷ್ಟಿಯಿಂದಲೂ ವಿಚಾರಾರ್ಹವಾಗಿದೆ.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ವೆಸ್ಟ್‌ಚೆಸ್ಟರ್ ಪ್ರಾಂತ್ಯದಲ್ಲಿ ೧೯೬೪ರಲ್ಲಿ ಮೇಬಲ್ ಆಡಿಸ್ ಎಂಬ ಶಾಲಾ ಶಿಕ್ಷಕಿಯು, ಐಬಿಎಂ ಸಂಸ್ಥೆಯ ವಿಲಿಯಂ ಮೆಕೇ ಅವರ ನೆರವಿನಿಂದ, ‘ಸುಮೇರಿಯನ್ ಗೇಮ್’ ಎಂಬ ಆಟವನ್ನು ರಚಿಸಲು ತೊಡಗಿದರು. ಆರನೆಯ ತರಗತಿಯ ಮಗು ಪ್ರಾಚೀನ ಸುಮೇರಿನ ಲಗಾಶ್ ನಗರದ ಅರಸನಾಗಬೇಕು. ಬಂದ ಬೆಳೆಯಲ್ಲಿ ಜನರ ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕಣಜಕ್ಕೆಷ್ಟು ಎಂದು ನಿರ್ಧರಿಸಬೇಕು. ಉತ್ತರಕ್ಕೆ ತಕ್ಕ ಫಲವನ್ನು ಯಂತ್ರವು ಕಾಗದದ ಮೇಲೆ ಮುದ್ರಿಸಿ ತಿಳಿಸುತ್ತಿತ್ತು. ಆದರೆ ಆ ಫಲವನ್ನು ನಿರ್ಣಯಿಸಿದ ನಿಯಮಗಳು ಮಗುವಿನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದೇ ೧೯೬೪ರ ಮೇ ತಿಂಗಳಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕುರ್ಟ್ಜ್ ಎಂಬ ಗಣಿತಜ್ಞರು ‘ಬೇಸಿಕ್’ ಎಂಬ ಗಣಕಭಾಷೆಯನ್ನು ಬಳಕೆಗೆ ತಂದರು. ವಿಜ್ಞಾನ ಓದದ ವಿದ್ಯಾರ್ಥಿಯೂ ಯಂತ್ರದೊಡನೆ ವ್ಯವಹರಿಸುವಂತಾಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ಇದರಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ. ‘ಇಫ್’ ಎಂಬ ಪದದ ಮುಂದಿನ ಮಾತು ನಿಜವಾಗಿದ್ದರೆ, ‘ದೆನ್’ ಎಂಬ ಪದದ ಮುಂದೆ ಹೇಳಿದ ಸಾಲಿಗೆ ಯಂತ್ರವು ಹೋಗುತ್ತದೆ. ಸುಳ್ಳಾಗಿದ್ದರೆ ಕೆಳಗಿನ ಸಾಲಿಗೆ ಇಳಿಯುತ್ತದೆ.

೧೯೬೮ರಲ್ಲಿ ಡಗ್ ಡೈಮೆಂಟ್ ಎಂಬವರು ಸುಮೇರಿನ ಆಟವನ್ನು ಚಿಕ್ಕ ರೂಪದಲ್ಲಿ ‘ಫೋಕಲ್’ ಎಂಬ ಬೇರೊಂದು ಗಣಕಭಾಷೆಯಲ್ಲಿ ಬರೆದರು. ಡೇವಿಡ್ ಆಲ್ ಅದನ್ನು ಬೇಸಿಕ್‌ಗೆ ತಂದು, ೧೯೭೩ರಲ್ಲಿ ಪ್ರಕಟಿಸಿದ ನೂರೊಂದು ಆಟಗಳ ಪುಸ್ತಕದಲ್ಲಿ ಸೇರಿಸಿದರು. ೧೯೭೮ರಲ್ಲಿ ಮನೆಯ ಗಣಕಯಂತ್ರಗಳಿಗಾಗಿ ಹೊರಬಂದ ಅದರ ಪರಿಷ್ಕೃತ ಆವೃತ್ತಿಯು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಮೊದಲ ಗಣಕ ಪುಸ್ತಕವೆಂದು ಹೆಸರಾಯಿತು. ಆಟವನ್ನು ಆಡಬೇಕಾದರೆ ಮುದ್ರಿತ ಸಾಲುಗಳನ್ನು ಒಂದೊಂದಾಗಿ ಯಂತ್ರಕ್ಕೆ ಬೆರಳಚ್ಚು ಮಾಡಬೇಕಾಗಿತ್ತು. ಹೀಗಾಗಿ ಆಟಗಾರನು ನಿಯಮಗಳ ಓದುಗನೂ ಆದನು.

ಆಟಕ್ಕೆ ಈಗ ‘ಹಮುರಾಬಿ’ ಎಂಬ ಹೆಸರು. ಅರಸನ ಬಳಿ ೧೦೦ ಜನ, ೧೦೦೦ ಎಕರೆ ನೆಲ, ೨೮೦೦ ಬುಷೆಲ್ ಧಾನ್ಯ. ಬುಷೆಲ್ ಎಂಬುದು ಕೊಳಗ, ಖಂಡುಗಗಳಂತೆ ಧಾನ್ಯದ ಒಂದು ಅಳತೆ. ಒಬ್ಬನ ವರ್ಷದ ಊಟಕ್ಕೆ ೨೦ ಬುಷೆಲ್, ಒಂದು ಎಕರೆಯ ಬಿತ್ತನೆಗೆ ಅರ್ಧ ಬುಷೆಲ್ ಬೇಕು. ಒಬ್ಬನು ೧೦ ಎಕರೆ ಮಾತ್ರ ಸಾಗುವಳಿ ಮಾಡಬಲ್ಲನು. ಇಷ್ಟು ಎಕರೆ ಬಿತ್ತುತ್ತೇನೆ ಎಂದು ಅರಸನು ಹೇಳಿದರೆ ನೆಲವಿದೆಯೇ, ಬೀಜವಿದೆಯೇ, ಜನರಿದ್ದಾರೆಯೇ ಎಂಬ ಮೂರು ಪರೀಕ್ಷೆಗಳು ನಡೆಯುತ್ತವೆ. ಮೂರೂ ಸರಿಯಾದರಷ್ಟೇ ಅನುಮತಿ. ಕಣಜದಲ್ಲಿ ಇಲ್ಲದ್ದನ್ನು ಖರ್ಚು ಮಾಡಲು ಹೊರಟರೆ, ಇನ್ನೊಮ್ಮೆ ಯೋಚಿಸು ಎಂದು ಯಂತ್ರವು ತಡೆಯುತ್ತದೆ. ಸಾಲ ಕೊಡುವವರು ಅಲ್ಲಿ ಯಾರೂ ಇಲ್ಲ.

ಮೊದಲ ವರ್ಷ ಎಲ್ಲರಿಗೂ ಉಣಬಡಿಸಿದರೆ ೨೦೦೦ ಬುಷೆಲ್, ನೆಲವನ್ನೆಲ್ಲ ಬಿತ್ತಿದರೆ ೫೦೦, ಉಳಿಯುವುದು ೩೦೦. ಬೆಳೆಯು ಎಕರೆಗೆ ೧ರಿಂದ ೫ ಬುಷೆಲ್, ಅದು ದೈವಾಧೀನ. ಒಂದೇ ಬುಷೆಲ್ ಬಂದರೆ ಕಣಜದಲ್ಲಿ ೧೩೦೦. ಇಲಿಗಳು ಮುಟ್ಟದಿದ್ದರೂ ಅದು ೬೫ ಜನರ ಊಟ. ಹೊಸದಾಗಿ ಬಂದವರನ್ನು ಬಿಟ್ಟರೂ ೩೫ ಜನ ಉಪವಾಸ. ಆದರೆ ನೆಲವನ್ನು ಮಾರಲು ಅವಕಾಶವಿದೆ. ಎಕರೆಗೆ ಕನಿಷ್ಠ ಬೆಲೆಯಾದ ೧೭ ಬುಷೆಲ್ ಸಿಕ್ಕರೂ ೪೨ ಎಕರೆ ಮಾರಿದರೆ ಆ ೩೫ ಜನರೂ ಬದುಕುತ್ತಾರೆ.

ಇಲ್ಲಿಯೇ ಷರತ್ತಿನ ನಿಜವಾದ ಪಾಠವಿದೆ. ಒಂದೇ ವರ್ಷದಲ್ಲಿ ನೂರಕ್ಕೆ ೪೫ಕ್ಕಿಂತ ಹೆಚ್ಚು ಜನ ಹಸಿವಿನಿಂದ ಸತ್ತರೆ ಅರಸನ ಪದಚ್ಯುತಿ. ೪೫ ಜನ ಸತ್ತರೆ ಆಳ್ವಿಕೆ ಮುಂದುವರಿಯುತ್ತದೆ. ಹತ್ತು ವರ್ಷಗಳ ಕೊನೆಯಲ್ಲಿ ತೀರ್ಪು ಬರುತ್ತದೆ. ಹಸಿವಿನ ಸಾವಿನ ವಾರ್ಷಿಕ ಸರಾಸರಿ ನೂರಕ್ಕೆ ೩ಕ್ಕಿಂತ ಹೆಚ್ಚಾಗಿದ್ದರೆ, ಅಥವಾ ತಲಾ ನೆಲ ೧೦ ಎಕರೆಗಿಂತ ಕಡಿಮೆಯಾಗಿದ್ದರೆ, ಅತ್ಯುತ್ತಮನೆಂಬ ಪ್ರಶಂಸೆ ಇಲ್ಲ. ಒಂದು ವರ್ಷ ನೂರಕ್ಕೆ ೨೫ ಜನರನ್ನು ಸಾಯಗೊಟ್ಟು, ಉಳಿದ ಒಂಬತ್ತು ವರ್ಷ ಯಾರನ್ನೂ ಸಾಯಿಸದ ಅರಸನ ಸರಾಸರಿ ಎರಡೂವರೆ ಮಾತ್ರ. ನೆಲ ಸಾಕಷ್ಟಿದ್ದರೆ ಅವನು ಅತ್ಯುತ್ತಮನೆನಿಸುತ್ತಾನೆ. ಜನರನ್ನು ಉಳಿಸಲು ನೆಲ ಮಾರಿ, ಒಬ್ಬನನ್ನೂ ಉಪವಾಸ ಕೆಡವದೆ, ತಲಾ ಒಂಬತ್ತೂವರೆ ಎಕರೆ ಉಳಿಸಿಕೊಂಡವನಿಗೆ ಇನ್ನೂ ಚೆನ್ನಾಗಿ ಆಳಬಹುದಿತ್ತು ಎಂಬ ಮಾತು ಸಿಗುತ್ತದೆ. ತರ್ಕದಲ್ಲಿ ಲೋಪವಿಲ್ಲ. ಸರಾಸರಿಯನ್ನು ಆರಿಸಿದವರು, ೩ ಮತ್ತು ೧೦ ಎಂಬ ಗಡಿಗಳನ್ನು ಹಾಕಿದವರು ಮನುಷ್ಯರು. ಆ ಸಾಲನ್ನು ಕೈಯಾರೆ ಬೆರಳಚ್ಚು ಮಾಡಿದ ಮಗುವು ೪೫ನ್ನು ಅಳಿಸಿ ೧ ಎಂದು ಬರೆಯಬಹುದಾಗಿತ್ತು. ಯಂತ್ರವು ಅದನ್ನೂ ಅಷ್ಟೇ ವಿಧೇಯತೆಯಿಂದ ನಡೆಸುತ್ತಿತ್ತು.

ಬ್ಯಾಬಿಲೋನಿನ ಅರಸ ಹಮ್ಮುರಬಿಯ ಹೆಸರನ್ನು ಸುಮೇರಿನ ಆಟಕ್ಕೆ ಇಟ್ಟದ್ದು ಇತಿಹಾಸದ ದೃಷ್ಟಿಯಿಂದ ತಪ್ಪು, ಅವನು ಕ್ರಿ.ಪೂ. ೧೮ನೆಯ ಶತಮಾನದವನು, ಸುಮೇರಿನ ನಗರರಾಜ್ಯಗಳು ಅದಕ್ಕೂ ಹಿಂದಿನವು. ಆದರೂ ಹೆಸರು ಒಂದು ರೀತಿಯಲ್ಲಿ ಅನ್ವರ್ಥವೇ ಆಗಿದೆ. ೧೯೦೧-೦೨ರಲ್ಲಿ ಇರಾನಿನ ಸೂಸಾದಲ್ಲಿ ದೊರೆತ, ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಶಿಲೆಯ ಮೇಲೆ ಕೆತ್ತಿದ ಅವನ ಕಾನೂನುಗಳು ‘ಒಂದು ವೇಳೆ’ ಎಂದೇ ಆರಂಭವಾಗುತ್ತವೆ. ಕಟ್ಟಿದ ಮನೆ ಕುಸಿದು ಮಾಲೀಕನ ಮಗ ಸತ್ತರೆ, ಕಟ್ಟಿದವನ ಮಗನಿಗೆ ಮರಣದಂಡನೆ ಎಂಬುದು ಅವುಗಳಲ್ಲೊಂದು. ಷರತ್ತು ಸ್ಪಷ್ಟವಾಗಿದ್ದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಷರತ್ತುಗಳಿಂದಲೇ ನಡೆಯುವ ಮತ್ತೊಂದು ಆಟವು ಜೈನ ಸಮಾಜಕ್ಕೆ ಪರಿಚಿತವಾದುದು. ಹಾವು-ಏಣಿಯ ಆಟದ ಮೂಲವಾದ ಜ್ಞಾನಚೌಪಡದ ಜೈನ ಪಟಗಳಲ್ಲಿ ಸಾಮಾನ್ಯವಾಗಿ ೮೪ ಮನೆಗಳಿರುತ್ತವೆ. ಕಾಯಿ ಹಾವಿನ ಬಾಯಿಗೆ ಬಂದರೆ ಪತನ, ಏಣಿಯ ಬುಡಕ್ಕೆ ಬಂದರೆ ಉನ್ನತಿ. ಅಲ್ಲಿ ಸರಾಸರಿಗೆ ಎಡೆಯಿಲ್ಲ. ಒಂದು ಮನೆಯ ಪತನವನ್ನು ಇನ್ನೊಂಬತ್ತು ಮನೆಗಳ ಪುಣ್ಯಕ್ಕೆ ಕೂಡಿಸಿ ಭಾಗಿಸಿ ಮರೆಸಲಾಗದು.

ಧರ್ಮಸಂಸ್ಥೆಗಳೂ ಷರತ್ತುಗಳನ್ನು ಬರೆಯುತ್ತವೆ. ವಿದ್ಯಾರ್ಥಿವೇತನಕ್ಕೆ ಇಷ್ಟು ಅಂಕ, ಔಷಧದ ನೆರವಿಗೆ ಇಷ್ಟರೊಳಗಿನ ಆದಾಯ ಎಂದು ಗಡಿ ಹಾಕದೆ ಆಡಳಿತ ನಡೆಯದು. ಆದರೆ ಗಡಿಯ ಆಚೆ ಒಂದೇ ಅಂಕದಿಂದ ಉಳಿದುಹೋದ ಮಗು ಬಾಗಿಲಿಗೆ ಬಂದಾಗ, ನಿಯಮ ಹೀಗಿದೆ ಎಂದಷ್ಟೇ ಹೇಳಿ ಕಳುಹಿಸುವುದು ಯಂತ್ರದ ಉತ್ತರ. ಆ ಸಂಖ್ಯೆಯನ್ನು ಬರೆದ ಕೈ ತಮ್ಮದೇ ಎಂಬ ಅರಿವಿನಿಂದ, ವರ್ಷಕ್ಕೊಮ್ಮೆಯಾದರೂ ನಿಯಮಾವಳಿಯನ್ನು ತೆರೆದು ಓದಿ ಅಗತ್ಯವಿದ್ದಲ್ಲಿ ತಿದ್ದುವುದು ಧರ್ಮದರ್ಶಿಗಳ ಕರ್ತವ್ಯವಾಗಿದೆ.