ಮರದ ಪೆಟ್ಟಿಗೆಗೆ ಮತ್ತೆ ಮಾತು

ಅಟ್ಟದಲ್ಲಿ ದೂಳು ಹಿಡಿದು ಕುಳಿತ ಅಜ್ಜನ ಕಾಲದ ರೇಡಿಯೊ ಕೈಗೆ ಸಿಕ್ಕರೆ ಯಾರಿಗಾದರೂ ಕರೆಂಟಿಗೆ ಸಿಕ್ಕಿಸಿ ನೋಡುವ ಆಸೆಯಾಗುತ್ತದೆ. ಹಳೆಯ ರೇಡಿಯೊ ದುರಸ್ತಿಯ ಮೊದಲ ಪಾಠವೇ ಹಾಗೆ ಮಾಡಬಾರದು ಎಂಬುದು. ದಶಕಗಳಿಂದ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ 230 ವೋಲ್ಟ್ ಹರಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಈ ಪೆಟ್ಟಿಗೆಗಳ ಹಿಂದೆ ದೊಡ್ಡ ಕಥೆಯೇ ಇದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಬಳಸಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬುದು ಆ ಕೇಂದ್ರದ ಹೆಸರು. 1950ರ ದಶಕದಲ್ಲಿ ಅದೇ ಹೆಸರು ಇಡೀ ದೇಶದ ಬಾನುಲಿಗೆ ಬಂತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಶುರುವಾದವು. ರೇಡಿಯೊ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಬೇಕಿತ್ತು.

ಈ ರೇಡಿಯೊಗಳ ಜೀವ ವಾಲ್ವ್ ಎಂಬ ಗಾಜಿನ ಬುರುಡೆಗಳಲ್ಲಿತ್ತು. ಗುಂಡಿ ತಿರುಗಿಸಿದೊಡನೆ ದನಿ ಬರುತ್ತಿರಲಿಲ್ಲ. ಬುರುಡೆಯೊಳಗಿನ ತಂತಿ ಕಾಯುವವರೆಗೆ ಕೇಳುವವರೂ ಕಾಯಬೇಕಿತ್ತು. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಲ್ಲಿ ವಾಲ್ವ್ ತಯಾರಿಕೆ ಆರಂಭಿಸಿತು. ಅಷ್ಟರಲ್ಲಾಗಲೇ ಟ್ರಾನ್ಸಿಸ್ಟರ್ ಬಂದಿತ್ತು. ರೇಡಿಯೊ ಹಜಾರದ ಮೇಜಿನಿಂದ ಇಳಿದು ಹೊಲದ ಬದುವಿಗೆ ಹೋಯಿತು. ಮರದ ಪೆಟ್ಟಿಗೆ ಅಟ್ಟ ಸೇರಿತು.

ಅದನ್ನು ಮತ್ತೆ ಮಾತಾಡಿಸುವುದು ಹೇಗೆ? ವಾಲ್ವ್‌ಗಳು ಸಾಮಾನ್ಯವಾಗಿ ಗಟ್ಟಿ. ಕೆಡುವುದು ಕಂಡೆನ್ಸರ್‌ಗಳು. ಅವುಗಳ ಒಳಗಿನ ದ್ರಾವಣ ಒಣಗಿರುತ್ತದೆ, ಕಾಗದ ತೇವ ಹೀರಿರುತ್ತದೆ. ಅವನ್ನು ಬದಲಿಸಿದ ಮೇಲೆ, ರೇಡಿಯೊದ ಜೊತೆ ಸರಣಿಯಲ್ಲಿ 60 ವ್ಯಾಟಿನ ಹಳೆಯ ಮಾದರಿಯ ತಂತಿ ಬಲ್ಬು ಜೋಡಿಸಿ ಕರೆಂಟು ಕೊಡುತ್ತಾರೆ. ಬಲ್ಬು ಪೂರ್ತಿ ಬೆಳಗಿಯೇ ಉಳಿದರೆ ಒಳಗೆ ಶಾರ್ಟ್ ಆಗಿದೆ ಎಂದರ್ಥ. ಎಚ್ಚರಿಕೆ: ಒಳಗೆ 200 ವೋಲ್ಟ್‌ಗೂ ಮಿಕ್ಕಿದ ಒತ್ತಡವಿರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರಬಹುದು. ಬಲ್ಲವರ ನೆರವಿಲ್ಲದೆ ಕೈ ಹಾಕಬಾರದು.

ಹೊರಮೈಗೆ ಬೇಕಾದದ್ದು ತಾಳ್ಮೆ. ಮರಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಸಾಕು, ಹೊಳೆಯುವ ಬಣ್ಣ ಬಳಿಯಬೇಕಿಲ್ಲ. ಕೇಂದ್ರಗಳ ಹೆಸರು ಅಚ್ಚಾಗಿರುವ ಗಾಜನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಅಕ್ಷರಗಳೇ ಕಿತ್ತುಬರುತ್ತವೆ. ಸುಟ್ಟ ಕಂಡೆನ್ಸರ್‌ನ ಹಳೆಯ ಕವಚದೊಳಗೇ ಹೊಸದನ್ನು ಅಡಗಿಸಿಡುವ ಹವ್ಯಾಸಿಗಳೂ ಇದ್ದಾರೆ. ರೇಡಿಯೊ ಹಾಡಬೇಕು, ಆದರೆ ಅದು ತನ್ನ ಕಾಲದ ಮುಖ ಕಳೆದುಕೊಳ್ಳಬಾರದು ಎಂಬುದು ಅವರ ಆಸೆ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ನಮ್ಮ ಮನೆಗಳಲ್ಲಿದ್ದ ವಾಲ್ವ್ ರೇಡಿಯೊಗಳಲ್ಲಿ ಹೆಚ್ಚಿನವು ಹಿಡಿಯುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ. ಬಾನುಲಿ ಎಫ್‌ಎಂಗೆ ಹೊರಳಿದಂತೆ ದೇಶದ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳು ಬಾಗಿಲು ಹಾಕಿವೆ. ಪೆಟ್ಟಿಗೆಯನ್ನು ಮನೆಯಲ್ಲಿ ಕುಳಿತು ದುರಸ್ತಿ ಮಾಡಬಹುದು, ನಿಂತುಹೋದ ಕೇಂದ್ರವನ್ನು ಮಾಡಲಾಗದು. ಗಾಳಿಯಲ್ಲಿ ಇನ್ನೂ ದನಿ ಇರುವಾಗಲೇ ಅಟ್ಟದ ರೇಡಿಯೊವನ್ನು ಕೆಳಗಿಳಿಸುವುದು ಒಳ್ಳೆಯದು.