ಹೆಂಡತಿಯ ವಯಸ್ಸು

ಆದಿಚುಂಚನಗಿರಿ ಬೆಟ್ಟದ ಕೆಳಗೆ ಗೆಳೆಯನ ತಂಗಿಯ ಮದುವೆ. ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ನಾನು ಲಾಯರ್ ಅಂತ ಗೊತ್ತಾಯ್ತು. "ಗಂಡ ಹೆಂಡ್ರು ಜಗಳ ಉಂಡು ಮಲಗೋಗಂಟ ಕಣಪ್ಪ, ಅದಕ್ಕೂ ಕೋರ್ಟು ಅಂದ್ರೆ ಹೆಂಗೆ?" ಅಂದ್ರು. ನಕ್ಕು ಪಾಯಸ ಕುಡಿದೆ. ಮಲಗಿದ ಮೇಲಿನದ್ದು ಆ ಗಾದೆಯಲ್ಲಿ ಇಲ್ಲ ಅನ್ನೋದು ಹೊಳೆದಿದ್ದು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ.

ನಮ್ಮ ಕಾನೂನೂ ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲುತ್ತೆ. 2017ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಗಂಡನ ಮೇಲೆ ದೂರು ಕೊಟ್ಟರು. ಹಿಂಸೆ, ಬೆದರಿಕೆಯ ಜೊತೆಗೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬುದೂ ಆರೋಪದಲ್ಲಿತ್ತು. ವಿಶೇಷ ನ್ಯಾಯಾಲಯ 498ಎ, 506ರ ಜೊತೆ 376, ಅಂದರೆ ಅತ್ಯಾಚಾರದ ಆರೋಪವನ್ನೂ ಹೊರಿಸಿತು. ಗಂಡ ಹೈಕೋರ್ಟಿಗೆ ಹೋದರು. ಗಂಡನ ಮೇಲೆ 376 ಹೇಗೆ ನಿಲ್ಲುತ್ತೆ? ಐಪಿಸಿಯ 375ನೇ ಕಲಮಿನಲ್ಲೇ ಅವನಿಗೆ ವಿನಾಯಿತಿ ಇದೆಯಲ್ಲ!

ಆ ವಿನಾಯಿತಿ 1860ರದ್ದು. ಹೆಂಡತಿಗೆ 10 ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರವಲ್ಲ. 10. ಕಲ್ಕತ್ತೆಯ ಫೂಲ್‌ಮಣಿ ಎಂಬ ಹುಡುಗಿ ಅದನ್ನು ದಾಟಿದ್ದಳು, ಅಷ್ಟೇ. ಮೂವತ್ತು ದಾಟಿದ ಗಂಡನಿಂದಾದ ಗಾಯಕ್ಕೆ ಅವಳು ಸತ್ತಳು. 1890ರ ವಿಚಾರಣೆಯಲ್ಲಿ ಅತ್ಯಾಚಾರದ ಮಾತೇ ಬರುವಂತಿರಲಿಲ್ಲ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ್ದಕ್ಕೆ ಒಂದು ವರ್ಷ ಶಿಕ್ಷೆ. ಮರುವರ್ಷ ವಯಸ್ಸು 12 ಆಯ್ತು. ಅದಕ್ಕೇ ಧರ್ಮ ಕೆಟ್ಟಿತು ಅಂತ ತಿಲಕರೂ ಸೇರಿ ಎಷ್ಟು ಜನ ಎದ್ದು ನಿಂತರು!

ಆಗ ನಾಗಮಂಗಲ ಮೈಸೂರು ಸಂಸ್ಥಾನದಲ್ಲಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1894ರಲ್ಲಿ ಸಂಸ್ಥಾನ ಬೇರೆ ದಾರಿ ಹಿಡಿಯಿತು: 8 ತುಂಬದ ಹುಡುಗಿಯ ಮದುವೆಯೇ ಅಪರಾಧ, 50 ದಾಟಿದವನು 14 ತುಂಬದವಳನ್ನು ಮದುವೆಯಾಗುವುದೂ ಅಪರಾಧ. ಅಂಕಿಗಳನ್ನು ನೋಡಿ ಈಗ ಮೈ ನಡುಗುತ್ತೆ ನಿಜ. ಆದರೂ ಮದುವೆ ಮನೆಯ ಒಳಗಿನ ವಿಷಯ, ಸರ್ಕಾರಕ್ಕೇನು ಕೆಲಸ ಅನ್ನೋ ಮಾತನ್ನು ಅದು ಕೇಳಲಿಲ್ಲ.

ಐಪಿಸಿಯ ಅಂಕಿ 1925ರಲ್ಲಿ 13, 1949ರಲ್ಲಿ 15, 2017ರಲ್ಲಿ ಸುಪ್ರೀಂ ಕೋರ್ಟಿನಿಂದ 18 ಆಯ್ತು. ಪ್ರತಿ ಸಲ ಕೇಳಿದ್ದು ಅವಳಿಗೆ ಎಷ್ಟು ವಯಸ್ಸು ಅಂತ. ಅವಳು ಒಪ್ಪಿದ್ದಳಾ ಅಂತ ಯಾರೂ ಕೇಳಲಿಲ್ಲ.

ಅದನ್ನು ಕೇಳಿದ್ದು 2022ರ ಮಾರ್ಚ್ 23ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ. ಗಂಡನಾದರೂ ಗಂಡಸೇ, ಅತ್ಯಾಚಾರ ಅತ್ಯಾಚಾರವೇ ಎಂಬ ಅರ್ಥದ ಮಾತು ಬರೆದು, 376ರ ಆರೋಪ ಕೈಬಿಡಲು ಒಪ್ಪಲಿಲ್ಲ. ಅವರು ವಿನಾಯಿತಿಯನ್ನು ರದ್ದು ಮಾಡಲಿಲ್ಲ, ಅದು ಶಾಸನಸಭೆಯ ಕೆಲಸ ಅಂದರು. ಗಂಡ ತಪ್ಪಿತಸ್ಥ ಅಂತಲೂ ಹೇಳಲಿಲ್ಲ, ಅದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ್ದು. ಆ ತೀರ್ಪು ಹೇಳಿದ್ದಿಷ್ಟೇ: ವಿಚಾರಣೆ ನಡೆಯಲಿ.

ನಡೆಯಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ವರ್ಷದ ಕೊನೆಗೆ ಕರ್ನಾಟಕ ಸರ್ಕಾರ ಹೈಕೋರ್ಟಿನ ಪರವಾಗಿ ಅಫಿಡವಿಟ್ ಹಾಕಿತು. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ವಿನಾಯಿತಿ 63ನೇ ಕಲಮಿಗೆ ಸಾಮಾನು ಸಾಗಿಸಿಕೊಂಡು ಬಂತು. ಅಕ್ಟೋಬರಿನಲ್ಲಿ ಇದರ ಸಿಂಧುತ್ವದ ವಾದ ದೆಹಲಿಯಲ್ಲಿ ಶುರುವಾಯ್ತು, ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ನಿವೃತ್ತಿಗೆ ಮುಂಚೆ ಮುಗಿಯೋದಿಲ್ಲ ಅಂತ ಮುಂದಕ್ಕೆ ಹೋಯ್ತು. ಅಷ್ಟೊತ್ತಿಗೆ ಆ ಮಹಿಳೆ ದೂರು ಕೊಟ್ಟು ಏಳು ವರ್ಷ ಆಗಿತ್ತು.